ಎಲ್‌ಸಿ3-2 ಪಟ್ಟಿ ದಪ್ಪಗಾಯ್ತು ಅಂದ್ರೆ ಆಟೊಫೇಜಿ ಜಾಸ್ತಿ ಆಯ್ತು ಅಂತಲೇ ಅರ್ಥನಾ?

ಯಗಚಿ_ಬಯೋ
ಎಲ್ಲರಿಗೂ ನಮಸ್ಕಾರ. ಆಟೊಫೇಜಿ (ಕೋಶ ತನ್ನೊಳಗಿನ ಕಸವನ್ನ ತಾನೇ ಕರಗಿಸಿಕೊಳ್ಳೋದು) ಮೇಲಿನ ಹಾಸನದ ಒಂದು ಎಂ.ಎಸ್ಸಿ ಪ್ರಾಜೆಕ್ಟ್ ಬಗ್ಗೆ ಕೇಳ್ತಿದೀನಿ. ಕಾಫಿ ಹಣ್ಣು ಪಲ್ಪ್ ಮಾಡಿದ ಮೇಲೆ ಉಳಿಯೋ ಸಿಪ್ಪೆಯಿಂದ ಶೇ 70 ಎಥನಾಲ್‌ನಲ್ಲಿ ತೆಗೆದ ಸಾರವನ್ನ ಹೀಲಾ ಕೋಶಗಳಿಗೆ (ಲ್ಯಾಬ್‌ನಲ್ಲಿ ಬೆಳೆಸೋ ಕ್ಯಾನ್ಸರ್ ಕೋಶ) ಮಿ.ಲೀ.ಗೆ 100 ಮೈಕ್ರೊಗ್ರಾಂ ಲೆಕ್ಕದಲ್ಲಿ 24 ಗಂಟೆ ಕೊಟ್ಟಿದೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನ ಪಟ್ಟಿಗಳಾಗಿ ತೋರಿಸೋ ಪರೀಕ್ಷೆ) ಆಟೊಫೇಜಿಯ ಗುರುತಾದ ಎಲ್‌ಸಿ3-2 ಪ್ರೋಟೀನ್ ಸುಮಾರು ಮೂರು ಪಟ್ಟು ಬಂದಿದೆ. "ಈ ಸಾರ ಆಟೊಫೇಜಿಯನ್ನು ಹೆಚ್ಚಿಸುತ್ತದೆ, ಆದ್ದರಿಂದ ಕ್ಯಾನ್ಸರ್ ತಡೆಗೆ ಉಪಯುಕ್ತ" ಅಂತ ಪ್ರಬಂಧದಲ್ಲಿ ಬರೆಯೋ ಯೋಚನೆ. ಆದ್ರೆ ಪಿ62 ಇಳಿಯೋ ಬದಲು ಅದೂ ಏರಿದೆ. ಕೊನೆಯ ಜೀರ್ಣದ ಹಂತ ನಿಲ್ಲಿಸೋ ಬ್ಯಾಫಿಲೋಮೈಸಿನ್ ಹಾಕಿಲ್ಲ. ಇದನ್ನ ಹೇಗೆ ಓದ್ಬೇಕು?

ಮುಳ್ಳಯ್ಯನಗಿರಿ_ಲ್ಯಾಬ್
ಬರೀಬೇಡಿ. ಈ ಬ್ಲಾಟ್‌ನಿಂದ ಆ ವಾಕ್ಯದ ಮೊದಲರ್ಧವೂ ಬರಲ್ಲ, ಎರಡನೇ ಅರ್ಧವಂತೂ ಇಲ್ಲವೇ ಇಲ್ಲ.

ಕೋಶಪ್ರಿಯ
ಯಾಕೆ ಅಂತ ಬಿಡಿಸಿ ಹೇಳ್ತೀನಿ. ಗೊರೂರು ಅಣೆಕಟ್ಟಿನ ನೀರಿನ ಮಟ್ಟ ಏರಿದೆ ಅಂದ್ರೆ ಒಳಹರಿವು ಹೆಚ್ಚಾಗಿರಬಹುದು, ಇಲ್ಲಾ ಹೊರಹರಿವು ನಿಲ್ಲಿಸಿರಬಹುದು. ಮಟ್ಟ ಒಂದನ್ನೇ ನೋಡಿ ಮಳೆ ಬಂತು ಅನ್ನೋಕಾಗಲ್ಲ. ಎಲ್‌ಸಿ3-2 ಕೂಡ ಮಟ್ಟ ಅಷ್ಟೆ. ಆಟೊಫೇಗೊಸೋಮ್ (ಕಸ ತುಂಬೋ ಚೀಲ) ಹುಟ್ಟೋದು ಹೆಚ್ಚಾದ್ರೂ ಅದು ಏರುತ್ತೆ, ಲೈಸೊಸೋಮ್ (ಕೋಶದ ಜೀರ್ಣಚೀಲ) ಜೊತೆ ಸೇರಿ ಜೀರ್ಣ ಆಗೋದು ನಿಂತ್ರೂ ಏರುತ್ತೆ. ನಮಗೆ ಬೇಕಾಗಿರೋದು ಹರಿವು.

ಪಿ62 ಅನ್ನೋದು ಕಸವನ್ನ ಎಲ್‌ಸಿ3ಗೆ ಕಟ್ಟಿಕೊಡೋ ಪ್ರೋಟೀನ್. ಕಸದ ಜೊತೆ ತಾನೂ ಒಳಗೆ ಹೋಗಿ ಕರಗುತ್ತೆ. ಹರಿವು ಚೆನ್ನಾಗಿದ್ರೆ ಸಾಮಾನ್ಯವಾಗಿ ಇಳೀಬೇಕು. ನಿಮ್ಮಲ್ಲಿ ಎರಡೂ ಏರಿವೆ. ಮೊದಲ ಅನುಮಾನ ಬರಬೇಕಾದ್ದು ಲೈಸೊಸೋಮ್ ಮೇಲೆ. ಸಾರ ಅದನ್ನ ಕೆಡಿಸ್ತಿದೆಯಾ ಅಂತ ನೋಡಿ.

ಬೇಲೂರು_ಬಿಎಸ್ಸಿ
ಸರ್, ನಮ್ಮಂಥ ಡಿಗ್ರಿಯವರಿಗೂ ಸ್ವಲ್ಪ ಹೇಳಿ. ಎಲ್‌ಸಿ3 ಒಂದು, ಎರಡು ಅಂದ್ರೆ ಏನು?

ಕೋಶಪ್ರಿಯ
ಸಂಕ್ಷಿಪ್ತವಾಗಿ ಹೇಳ್ತೀನಪ್ಪ. ಕೋಶಕ್ಕೆ ಅಮೈನೊ ಆಮ್ಲ, ಇನ್ಸುಲಿನ್ ಸಂಕೇತ ಚೆನ್ನಾಗಿ ಸಿಗ್ತಿರುವಾಗ ಎಂಟಾರ್ ಅನ್ನೋ ಕೈನೇಸ್ (ಫಾಸ್ಫೇಟ್ ಅಂಟಿಸೋ ಕಿಣ್ವ) ಆಟೊಫೇಜಿ ಶುರು ಮಾಡೋ ಯುಎಲ್‌ಕೆ1ಗೆ ಫಾಸ್ಫೇಟ್ ಅಂಟಿಸಿ ಅದನ್ನ ಸುಮ್ಮನಿರಿಸುತ್ತೆ (ಇಲಿಯಲ್ಲಿ 757ನೇ ಸೆರಿನ್, ಮನುಷ್ಯರಲ್ಲಿ 758ನೇದು). ಆಹಾರ ಕಡಿಮೆಯಾದಾಗ ಆ ಹಿಡಿತ ಸಡಿಲ. ಕೋಶದ ಶಕ್ತಿಯ ಅಣು ಎಟಿಪಿ ಇಳಿದ್ರೆ ಎಎಂಪಿಕೆ ಅನ್ನೋ ಇನ್ನೊಂದು ಕೈನೇಸ್ ಬೇರೆ ಜಾಗಗಳಲ್ಲಿ ಫಾಸ್ಫೇಟ್ ಹಾಕಿ ಯುಎಲ್‌ಕೆ1 ಎಬ್ಬಿಸುತ್ತೆ. ಮುಂದೆ ಬೆಕ್ಲಿನ್ 1 ಮತ್ತು ವಿಪಿಎಸ್34 ಇರೋ ಗುಂಪು ಪೊರೆಯ ಮೇಲೆ ಪಿಐ3ಪಿ ಅನ್ನೋ ಲಿಪಿಡ್ ಮಾಡುತ್ತೆ, ಅಲ್ಲಿಂದ ಬಟ್ಟಲಿನಾಕಾರದ ಜೋಡಿ ಪೊರೆ ಬೆಳೆಯುತ್ತೆ. ಆಟೊಫೇಜಿ ನಡೆಸೋ ಪ್ರೋಟೀನ್‌ಗಳಾದ ಎಟಿಜಿ7, ಎಟಿಜಿ3 ಮತ್ತು ಎಟಿಜಿ12-5-16ಎಲ್1 ಗುಂಪು ಸೇರಿ ಎಲ್‌ಸಿ3-1ರ ತುದಿಯ ಗ್ಲೈಸಿನ್‌ಗೆ ಫಾಸ್ಫಟಿಡಿಲ್‌ಎಥನಾಲಮೀನ್ ಅನ್ನೋ ಲಿಪಿಡ್ ಜೋಡಿಸ್ತವೆ. ಜೋಡಿಸಿದ್ದೇ ಎಲ್‌ಸಿ3-2. ಅದು ಪೊರೆಗೆ ಅಂಟಿಕೊಂಡಿರುತ್ತೆ. ಬಟ್ಟಲು ಮುಚ್ಚಿ ಚೀಲವಾಗಿ ಲೈಸೊಸೋಮ್ ಜೊತೆ ಬೆರೆತಾಗ ಒಳಗಿನ ಸರಕೂ ಒಳಪೊರೆಯ ಎಲ್‌ಸಿ3-2 ಕೂಡ ಕರಗಿ ಅಮೈನೊ ಆಮ್ಲವಾಗಿ ವಾಪಸ್ ಬರುತ್ತೆ.

ಲಿಪಿಡ್ ಸೇರಿದ ಮೇಲೆ ತೂಕ ಹೆಚ್ಚು, ಆದ್ರೂ ಜೆಲ್‌ನಲ್ಲಿ ಎಲ್‌ಸಿ3-2 ವೇಗವಾಗಿ ಕೆಳಗೆ ಓಡುತ್ತೆ. ಕೆಳಗಿನ ಪಟ್ಟಿ ಅದೇ, 14ರಿಂದ 16 ಕಿಲೊಡಾಲ್ಟನ್ ಹತ್ತಿರ. ಎಲ್‌ಸಿ3-1 ಮೇಲೆ ಇರುತ್ತೆ.

ಶೆಟ್ಟಿಹಳ್ಳಿ_ಹಿನ್ನೀರು
ಇದಕ್ಕೆ ಜಪಾನಿನ ವಿಜ್ಞಾನಿ ಒಸುಮಿಯವರ ಯೀಸ್ಟ್ ಪ್ರಯೋಗ ನೆನಪಿಸಿಕೊಳ್ಳಬೇಕು. ಕ್ರಿಶ್ಚಿಯನ್ ದ ದೂವ್ 1963ರಲ್ಲೇ ಆಟೊಫೇಜಿ ಎಂದು ಹೆಸರಿಟ್ಟಿದ್ದರೂ ಮುಂದಿನ ಮೂವತ್ತು ವರ್ಷ ಯಾವ ಜೀನ್ ಇದನ್ನು ನಡೆಸುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯೊಶಿನೊರಿ ಒಸುಮಿ ನಿರ್ವಾತಕೋಶದ (ಯೀಸ್ಟ್‌ನಲ್ಲಿ ಲೈಸೊಸೋಮ್‌ನ ಕೆಲಸ ಮಾಡುವ ಚೀಲ) ಪ್ರೋಟೀನ್ ಕರಗಿಸುವ ಕಿಣ್ವಗಳೇ ಇಲ್ಲದ ಯೀಸ್ಟ್ ತಳಿಯನ್ನು ಆರಿಸಿಕೊಂಡು ಹಸಿವಿಗೆ ಹಾಕಿದರು. ಒಳಗೆ ಬಂದ ಪೊಟ್ಟಣಗಳು ಕರಗದೆ ಉಳಿದು, ಸಾಧಾರಣ ಮೈಕ್ರೊಸ್ಕೋಪಿನಲ್ಲೇ ಕಾಣುವಷ್ಟು ಗುಡ್ಡೆ ಬಿದ್ದವು. ಅದು 1992ರ ವರದಿ. 1993ರಲ್ಲಿ ಹೀಗೆ ಗುಡ್ಡೆ ಬೀಳದ ತಳಿಗಳನ್ನು ಹೆಕ್ಕಿ 15 ಜೀನ್‌ಗಳನ್ನು ಗುರುತಿಸಿದರು. 2016ರಲ್ಲಿ ನೊಬೆಲ್ ಬಂತು. ಅಂದರೆ ಆ ಗುಡ್ಡೆ ಕಂಡದ್ದೇ ಕೊನೆಯ ಹಂತ ಮುಚ್ಚಿದ್ದರಿಂದ. ಯಗಚಿಯವರ ಸಾರ ತಾನೇ ಕೊನೆಯ ಹಂತ ಮುಚ್ಚುತ್ತಿದ್ದರೂ ಇದೇ ಚಿತ್ರ ಬರುತ್ತದೆ.

ಮುಳ್ಳಯ್ಯನಗಿರಿ_ಲ್ಯಾಬ್
ಈಗ ಮಾಡಬೇಕಾದ್ದು. ಆರು ಬಾವಿಯ ಪ್ಲೇಟ್, ಬಾವಿಗೆ 3 ಲಕ್ಷ ಹೀಲಾ. ಮಾರನೇ ದಿನ ಶೇ 70 ತುಂಬಿರಬೇಕು. ಪೂರ್ತಿ ತುಂಬಿದ ಪ್ಲೇಟ್‌ನಲ್ಲಿ ಕೋಶಗಳು ಹಸಿದು ತಾವಾಗೇ ಆಟೊಫೇಜಿ ಶುರು ಮಾಡ್ಕೊಳ್ತವೆ, ಕಂಟ್ರೋಲ್ ಕೆಡುತ್ತೆ.

ಬಾವಿ 1ಕ್ಕೆ ಬರೀ ಡಿಎಂಎಸ್‌ಒ (ಕರಗಿಸೋ ದ್ರಾವಕ), 2ಕ್ಕೆ ಸಾರ, 3ಕ್ಕೆ ಬ್ಯಾಫಿಲೋಮೈಸಿನ್ ಎ1, 4ಕ್ಕೆ ಸಾರ ಮತ್ತು ಬ್ಯಾಫಿಲೋಮೈಸಿನ್ ಎರಡೂ. 5ಕ್ಕೆ ಇಬಿಎಸ್‌ಎಸ್ (ಕೋಶವನ್ನ ಹಸಿವಿಗೆ ಹಾಕೋ, ಅಮೈನೊ ಆಮ್ಲ ಇಲ್ಲದ ಲವಣದ್ರಾವಣ) 2 ಗಂಟೆ, 6ಕ್ಕೆ ಇಬಿಎಸ್‌ಎಸ್ ಜೊತೆ ಬ್ಯಾಫಿಲೋಮೈಸಿನ್. ಕೊನೇ ಎರಡು ಬಾವಿ ನಿಮ್ಮ ಕೈಚಳಕ ಸರಿ ಇದೆಯಾ ಅಂತ ತೋರಿಸೋಕೆ. ಬ್ಯಾಫಿಲೋಮೈಸಿನ್ 100 ನ್ಯಾನೊಮೋಲಾರ್, ಕೊನೆಯ 2ರಿಂದ 4 ಗಂಟೆ ಮಾತ್ರ. 24 ಗಂಟೆ ಬಿಟ್ರೆ ಕೋಶ ಸಾಯುತ್ತೆ. ಎಲ್ಲಾ ಬಾವಿಯಲ್ಲೂ ಡಿಎಂಎಸ್‌ಒ ಒಂದೇ ಮಟ್ಟದಲ್ಲಿರಲಿ.

ಓದೋದು ಹೀಗೆ: 4ನೇ ಬಾವಿಯ ಎಲ್‌ಸಿ3-2, 3ನೇದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ರೆ ಸಾರ ಹೊಸ ಆಟೊಫೇಗೊಸೋಮ್ ಹುಟ್ಟಿಸ್ತಿದೆ. 3 ಮತ್ತು 4 ಸಮ ಇದ್ದು 2ನೇದು ಮಾತ್ರ 1ಕ್ಕಿಂತ ಹೆಚ್ಚಿದ್ರೆ ಸಾರ ದಾರಿ ಮುಚ್ಚಿದೆ.

ಮುಳ್ಳಯ್ಯನಗಿರಿ_ಲ್ಯಾಬ್
ಬ್ಲಾಟ್ ಬಗ್ಗೆ ಬಿಟ್ಟುಹೋಯ್ತು. ಶೇ 15ರ ಜೆಲ್, ಲೇನ್‌ಗೆ 20 ಮೈಕ್ರೊಗ್ರಾಂ ಪ್ರೋಟೀನ್. ಪಿವಿಡಿಎಫ್ ಪೊರೆ 0.2 ಮೈಕ್ರಾನ್‌ದೇ ಇರಲಿ, 0.45 ಆದ್ರೆ ಇಷ್ಟು ಸಣ್ಣ ಪ್ರೋಟೀನ್ ತೂರಿಕೊಂಡು ಆಚೆ ಹೋಗುತ್ತೆ. ಮೆಥನಾಲ್‌ನಲ್ಲಿ ಅರ್ಧ ನಿಮಿಷ ನೆನೆಸಿ ಆಮೇಲೆ ಬಫರ್‌ಗೆ. ಸ್ಯಾಂಪಲ್ ಪದೇ ಪದೇ ಫ್ರೀಜ್ ಮಾಡಿ ಕರಗಿಸಬೇಡಿ, ಎಲ್‌ಸಿ3-1 ಬೇಗ ಹಾಳಾಗುತ್ತೆ, ಆಗ ಎರಡರ ಅನುಪಾತ ಸುಳ್ಳು ಹೇಳುತ್ತೆ. ಅದಕ್ಕೇ ಎಲ್‌ಸಿ3-2ನ ಆಕ್ಟಿನ್‌ಗೆ (ಅಷ್ಟಾಗಿ ಏರಿಳಿಯದ ಪ್ರೋಟೀನ್) ಹೋಲಿಸಿ, ಎಲ್‌ಸಿ3-1ಕ್ಕಲ್ಲ.

ಕಾಮೇನಹಳ್ಳಿ_72
ಬ್ಯಾಫಿಲೋಮೈಸಿನ್ ರೇಟ್ ಗೊತ್ತಾ ಮಾರಾಯ್ರೆ? ಜಿಲ್ಲಾ ಕೇಂದ್ರದ ಕಾಲೇಜು ಲ್ಯಾಬ್‌ಗೆ ಅದು ಎಟುಕಲ್ಲ. ಕ್ಲೋರೊಕ್ವಿನ್ ಹಾಕಿ ಸಾಕು. 20ರಿಂದ 50 ಮೈಕ್ರೊಮೋಲಾರ್, ನೀರಲ್ಲೇ ಕರಗುತ್ತೆ.

ಮುಳ್ಳಯ್ಯನಗಿರಿ_ಲ್ಯಾಬ್
ಎಲ್‌ಸಿ3 ಹರಿವಿಗೆ ಓಕೆ. ಆದ್ರೆ ಎರಡೂ ಒಂದೇ ಅಂದ್ಕೋಬೇಡಿ. ಬ್ಯಾಫಿಲೋಮೈಸಿನ್ ಲೈಸೊಸೋಮ್‌ನ ಪ್ರೋಟಾನ್ ಪಂಪ್ ನಿಲ್ಲಿಸುತ್ತೆ. ಕ್ಲೋರೊಕ್ವಿನ್ ಮುಖ್ಯವಾಗಿ ಆಟೊಫೇಗೊಸೋಮ್ ಲೈಸೊಸೋಮ್ ಬೆರೆಯೋದನ್ನ ತಡೆಯುತ್ತೆ, ಜೊತೆಗೆ ಗಾಲ್ಜಿಯನ್ನೂ ಅಸ್ತವ್ಯಸ್ತ ಮಾಡುತ್ತೆ. ಪ್ರಬಂಧದಲ್ಲಿ "ಆಮ್ಲತೆ ತಗ್ಗಿಸಲು ಕ್ಲೋರೊಕ್ವಿನ್" ಅಂತ ಬರೆದ್ರೆ ಪರೀಕ್ಷಕರು ಹಿಡೀತಾರೆ.

ಕೋಶಪ್ರಿಯ
ಪಿ62ಗೂ ಒಂದು ತಿದ್ದುಪಡಿ ಸೇರಿಸ್ತೀನಿ, ಮೇಲೆ ನಾನು ಹೇಳಿದ್ದು ಪೂರ್ತಿ ಚಿತ್ರ ಅಲ್ಲ. ಆಕ್ಸಿಡೇಟಿವ್ ಒತ್ತಡ ಇದ್ದಾಗ ಎನ್‌ಆರ್‌ಎಫ್2 (ರಕ್ಷಣಾ ಜೀನ್‌ಗಳನ್ನ ಓದಿಸೋ ಪ್ರೋಟೀನ್) ಎದ್ದು ಪಿ62 ಜೀನನ್ನೇ ಜೋರಾಗಿ ಓದಿಸುತ್ತೆ. ಹರಿವು ಚೆನ್ನಾಗಿದ್ರೂ ಪಿ62 ಏರಬಹುದು. ಹಾಗಾಗಿ ಕ್ಯೂಪಿಸಿಆರ್‌ನಲ್ಲಿ ಪಿ62 ಎಂಆರ್‌ಎನ್‌ಎ ನೋಡ್ಲೇಬೇಕು. ಇನ್ನೊಂದು, ಟ್ರೈಟಾನ್ ಎಕ್ಸ್-100ರಲ್ಲಿ ಕೋಶ ಒಡೆದು ತಿರುಗಿಸಿದ್ರೆ ಪಿ62ನ ಗಂಟುಗಳು ತಳದ ಗಷ್ಟಿನಲ್ಲೇ ಉಳಿದುಬಿಡ್ತವೆ. ಶೇ 1ರ ಎಸ್‌ಡಿಎಸ್‌ನಲ್ಲಿ ನೇರ ಒಡೆದು 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿ.

ಬಾಳೆಹೊನ್ನೂರು_ಪಾಲಿಫಿನಾಲ್
ಎಲ್ಲರೂ ಬ್ಲಾಟ್ ಬಗ್ಗೆ ಮಾತಾಡ್ತಿದೀರಿ, ಸಾರದ ಬಗ್ಗೆ ಯಾರೂ ಕೇಳಲಿಲ್ಲ! ಕಾಫಿ ಸಿಪ್ಪೆ ಅಂದ್ರೆ ಕ್ಲೋರೊಜೆನಿಕ್ ಆಮ್ಲ, ಕೆಫೀನ್. ಕ್ಲೋರೊಜೆನಿಕ್ ಆಮ್ಲದಂಥ ಪಾಲಿಫಿನಾಲ್‌ಗಳನ್ನ ಡಿಎಂಇಎಂ ಮೀಡಿಯಾಗೆ (ಕೋಶ ಬೆಳೆಸೋ ದ್ರವ) ಹಾಕಿದ ಕೂಡಲೇ ಅವು ತಾವಾಗಿ ಆಕ್ಸಿಡೈಸ್ ಆಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸ್ತವೆ. ಕೋಶ ನೋಡ್ತಿರೋದು ನಿಮ್ಮ ಸಾರವನ್ನಲ್ಲ, ಪೆರಾಕ್ಸೈಡನ್ನ. ಕೋಶಪ್ರಿಯ ಹೇಳಿದ ಎನ್‌ಆರ್‌ಎಫ್2 ಏರಿಕೆಗೂ ಅದೇ ಕಾರಣ ಇರಬಹುದು. ಮಿ.ಲೀ.ಗೆ 100 ಯೂನಿಟ್ ಕೆಟಲೇಸ್ (ಪೆರಾಕ್ಸೈಡ್ ಒಡೆಯೋ ಕಿಣ್ವ) ಹಾಕಿದ ಒಂದು ಬಾವಿ ಇಡಿ. ಕೆಟಲೇಸ್ ಹಾಕಿದಾಗ ಎಲ್‌ಸಿ3 ಏರಿಕೆ ಮಾಯ ಆದ್ರೆ ಸಾರದ ಬಗ್ಗೆ ಏನೂ ಹೇಳೋ ಹಾಗಿಲ್ಲ.

ಸಾರ ಹುಳಿ ಬೇರೆ. ಮೀಡಿಯಾ ಹಳದಿಗೆ ತಿರುಗಿತಾ ನೋಡಿ, ತಿರುಗಿದ್ರೆ ಪಿಎಚ್ 7.4ಕ್ಕೆ ತಂದು ಆಮೇಲೆ ಹಾಕಿ. ಕೋಶ ಒಡೆಯೋ ಮುಂಚೆ ಪಿಬಿಎಸ್‌ನಲ್ಲಿ ಎರಡು ಸಲ ತೊಳೀರಿ, ಉಳಿದ ಪಾಲಿಫಿನಾಲ್ ಬಿಸಿಎ ಪರೀಕ್ಷೆಯ ತಾಮ್ರವನ್ನ ಅಪಕರ್ಷಿಸಿ ಪ್ರೋಟೀನ್ ಲೆಕ್ಕ ಹೆಚ್ಚು ತೋರಿಸುತ್ತೆ. ಆಗ ಆ ಲೇನ್‌ಗೆ ನಿಜಕ್ಕೂ ಕಡಿಮೆ ಪ್ರೋಟೀನ್ ಹೋಗಿರುತ್ತೆ.

ಯಗಚಿ_ಬಯೋ
ಮೀಡಿಯಾ ಹಳದಿ ಆಗಿದ್ದು ನಿಜ. ಪಿಎಚ್ ಸರಿ ಮಾಡಿರಲಿಲ್ಲ. ಕೆಟಲೇಸ್ ವಿಷಯ ಗೊತ್ತೇ ಇರಲಿಲ್ಲ ಮೇಡಂ, ಥ್ಯಾಂಕ್ಸ್.

ಅರಸೀಕೆರೆ_ಆರೋಗ್ಯ
ವಿಷಯ ಸ್ವಲ್ಪ ಬೇರೆ. ವಾಟ್ಸಾಪ್‌ನಲ್ಲಿ ಎಲ್ಲಾ ಕಡೆ "16 ಗಂಟೆ ಉಪವಾಸ ಮಾಡಿದ್ರೆ ಆಟೊಫೇಜಿ ಆನ್ ಆಗುತ್ತೆ, ಏಕಾದಶಿಯ ವಿಜ್ಞಾನ ಇದೇ, ಜಪಾನಿನವರು ನೊಬೆಲ್ ತಗೊಂಡ್ರು" ಅಂತ ಓಡಾಡ್ತಿದೆ. ನಿಜನಾ?

ಶೆಟ್ಟಿಹಳ್ಳಿ_ಹಿನ್ನೀರು
ನೊಬೆಲ್ ಬಂದದ್ದು ಯೀಸ್ಟ್‌ನಲ್ಲಿ ಜೀನ್ ಹುಡುಕಿದ್ದಕ್ಕೆ, ಉಪವಾಸದ ವೇಳಾಪಟ್ಟಿಗೆ ಅಲ್ಲ. "ಆನ್" ಎನ್ನುವುದೂ ತಪ್ಪು, ತಳಮಟ್ಟದ ಆಟೊಫೇಜಿ ಎಲ್ಲ ಕೋಶದಲ್ಲೂ ಸದಾ ನಡೆದೇ ಇರುತ್ತದೆ. 16 ಗಂಟೆ ಎಂಬ ಗಡಿಗೆ ಮನುಷ್ಯರಲ್ಲಿ ಆಧಾರವಿಲ್ಲ. ಹಸುರಾಗಿ ಹೊಳೆಯುವ ಎಲ್‌ಸಿ3 ಇರುವ ಇಲಿಗಳನ್ನು ಉಪವಾಸ ಕೆಡವಿ ನೋಡಿದ 2004ರ ಕೆಲಸದಲ್ಲಿ ಅಂಗದಿಂದ ಅಂಗಕ್ಕೆ ವೇಳೆ ಬೇರೆಯಾಗಿತ್ತು, ಮಿದುಳಿನಲ್ಲಿ ಏರಿಕೆ ಕಾಣಲೇ ಇಲ್ಲ. ಇಲಿಯ ಚಯಾಪಚಯ ನಮಗಿಂತ ಎಷ್ಟೋ ವೇಗ. ಅದಕ್ಕೆ 24 ಗಂಟೆ ಊಟವಿಲ್ಲದಿರುವುದು ನಾವು ಬೆಳಗಿನ ತಿಂಡಿ ಬಿಟ್ಟ ಹಾಗಲ್ಲ.

ಕಡೂರು_ಕ್ಲಿನಿಕ್
ಉಪವಾಸದ ಮೆಸೇಜ್ ಓದಿ ಶುಗರ್ ಇರೋರು ಶುರು ಮಾಡ್ತಾರೆ, ಅದು ಅಪಾಯ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಅಥವಾ ಇನ್ಸುಲಿನ್ ತಗೊಂಡು ಊಟ ಬಿಟ್ರೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ತಲೆ ಮಂಕಾಗೋದು ಬಂದ ಕೂಡಲೇ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತಗೊಳ್ಳೋರು ದೀರ್ಘ ಉಪವಾಸ ಮಾಡಿದ್ರೆ ಶುಗರ್ ಹೆಚ್ಚು ಕಾಣದೇ ಕೀಟೊಆಸಿಡೋಸಿಸ್ ಆಗಬಹುದು, ವಾಂತಿ ಮತ್ತು ಏದುಸಿರು ಅದರ ಸುಳಿವು. ಉಪವಾಸ ಮಾಡಲೇಬೇಕು ಅಂದ್ರೆ ಔಷಧಿ ಕೊಟ್ಟ ವೈದ್ಯರನ್ನ ಕೇಳಿ ಡೋಸ್ ಬದಲಾಯಿಸ್ಕೊಂಡು ಮಾಡಿ.

ಕಾಮೇನಹಳ್ಳಿ_72
ಕಾಫಿ ಕುಡಿದ್ರೂ ಆಟೊಫೇಜಿ ಬರುತ್ತಂತಲ್ಲ? ನಮ್ಮೂರಿಗೆ ಒಳ್ಳೇ ಸುದ್ದಿ.

ಬಾಳೆಹೊನ್ನೂರು_ಪಾಲಿಫಿನಾಲ್
2014ರಲ್ಲಿ ಇಲಿಗಳಲ್ಲಿ ಬಂದ ವರದಿ ಅದು. ಕಾಫಿ ಕುಡಿದ 1ರಿಂದ 4 ಗಂಟೆಯೊಳಗೆ ಯಕೃತ್ತು, ಸ್ನಾಯು, ಹೃದಯದಲ್ಲಿ ಏರಿಕೆ ಕಂಡಿತು, ಕೆಫೀನ್ ತೆಗೆದ ಕಾಫಿಯಲ್ಲೂ ಅದೇ. ಅಂದ್ರೆ ಕೆಲಸ ಪಾಲಿಫಿನಾಲ್‌ಗಳದ್ದು ಇರಬೇಕು. ಮನುಷ್ಯರಿಗೆ ಹಾಗೇ ಅನ್ವಯಿಸಬೇಡಿ. ಪ್ಲೇಟ್‌ನಲ್ಲಿ ಕೆಫೀನ್ ಪರಿಣಾಮ ತೋರಿಸುವವರು ಮಿಲಿಮೋಲಾರ್ ಲೆಕ್ಕದಲ್ಲಿ ಸುರೀತಾರೆ. ಎರಡು ಲೋಟ ಕುಡಿದವರ ರಕ್ತದಲ್ಲಿರೋದು ಕೆಲವು ಹತ್ತು ಮೈಕ್ರೊಮೋಲಾರ್ ಅಷ್ಟೆ. ಇದೇ ಮಾತು ಯಗಚಿಯವರ ಸಾರಕ್ಕೂ ಅನ್ವಯ: 10, 25, 50, 100 ಹೀಗೆ ಡೋಸ್ ಸರಣಿ ಬೇಕೇ ಬೇಕು.

ಬೇಲೂರು_ಬಿಎಸ್ಸಿ
ಆಟೊಫೇಜಿ ಕಸ ತೆಗೆಯುತ್ತೆ ಅಂದ್ಮೇಲೆ ಕ್ಯಾನ್ಸರ್‌ಗೆ ಒಳ್ಳೇದೇ ಅಲ್ವಾ ಸರ್?

ಕೋಶಪ್ರಿಯ
ಎರಡು ಮುಖ ಇದೆ ಕಣಪ್ಪ. ಬೆಕ್ಲಿನ್ 1ರ ಒಂದು ಪ್ರತಿ ಕಳೆದುಕೊಂಡ ಇಲಿಗಳಲ್ಲಿ ಗಡ್ಡೆ ಹೆಚ್ಚು ಅಂತ 2003ರಲ್ಲಿ ತೋರಿಸಿದ್ರು. ಗಡ್ಡೆ ಹುಟ್ಟೋ ಮುಂಚೆ ಆಟೊಫೇಜಿ ಕಾವಲು ಕಾಯುತ್ತೆ, ಹಾಳಾದ ಮೈಟೊಕಾಂಡ್ರಿಯಾ ತೆಗೆದು ಡಿಎನ್‌ಎಗೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳುತ್ತೆ. ಗಡ್ಡೆ ಬೆಳೆದ ಮೇಲೆ ಕಥೆ ಉಲ್ಟಾ. ರಕ್ತ ಸರಿಯಾಗಿ ಸಿಗದ ಗಡ್ಡೆಯ ಕೋಶ ಬದುಕೋದೇ ತನ್ನ ಒಳಗಿನದನ್ನ ಕರಗಿಸ್ಕೊಂಡು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದಕ್ಕೆ ಹೆಸರುವಾಸಿ. ಅದಕ್ಕೇ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟು ಆಟೊಫೇಜಿ *ತಡೆಯೋ* ಪರೀಕ್ಷೆಗಳು ನಡೆದಿರೋದು. "ಹೆಚ್ಚಿಸುತ್ತದೆ, ಆದ್ದರಿಂದ ಕ್ಯಾನ್ಸರ್ ತಡೆ" ಅನ್ನೋ "ಆದ್ದರಿಂದ" ಇಲ್ಲಿ ಬರೋದೇ ಇಲ್ಲ.

ಕಡೂರು_ಕ್ಲಿನಿಕ್
ಮರೆವಿನ ಕಾಯಿಲೆಗಾದರೂ ಆಟೊಫೇಜಿ ಹೆಚ್ಚಿಸೋದು ಸರಿ ಅಲ್ವಾ? ನರಕೋಶ ವಿಭಜನೆ ಆಗಲ್ಲ, ಕಸ ಹಂಚಿಹೋಗೋಕೆ ದಾರಿ ಇಲ್ಲ.

ಶೆಟ್ಟಿಹಳ್ಳಿ_ಹಿನ್ನೀರು
ನರಕೋಶಕ್ಕೆ ಆಟೊಫೇಜಿ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. 2006ರಲ್ಲಿ ಎರಡು ಜಪಾನಿ ತಂಡಗಳು ಇಲಿಯ ಮಿದುಳಿನಲ್ಲಿ ಮಾತ್ರ ಎಟಿಜಿ5 ಅಥವಾ ಎಟಿಜಿ7 ತೆಗೆದಾಗ ಬೇರೆ ಯಾವ ರೋಗದ ಜೀನ್ ಇಲ್ಲದೆಯೂ ನರಕೋಶಗಳಲ್ಲಿ ಪ್ರೋಟೀನ್ ಗಂಟು ಕಟ್ಟಿ, ನಡಿಗೆ ಕೆಟ್ಟು, ಕೋಶಗಳು ಸತ್ತವು.

ಆದರೆ ಯಾವ ರೋಗದಲ್ಲಿ ಯಾವ ಹಂತ ಕೆಟ್ಟಿದೆ ಎಂದು ಕೇಳದೆ "ಹೆಚ್ಚಿಸಿ" ಎನ್ನುವುದಕ್ಕೆ ನನ್ನ ವಿರೋಧ. ಆಲ್‌ಜೈಮರ್ ರೋಗಿಯ ಮಿದುಳಿನಲ್ಲಿ ಊದಿಕೊಂಡ ನರತಂತುಗಳೊಳಗೆ ಅರೆಜೀರ್ಣವಾದ ಚೀಲಗಳು ಕಿಕ್ಕಿರಿದಿರುತ್ತವೆ. ಹುಟ್ಟುವುದಕ್ಕೆ ಕೊರತೆ ಇಲ್ಲ, ಲೈಸೊಸೋಮ್ ಮುಗಿಸುತ್ತಿಲ್ಲ. ಅಲ್ಲಿ ಮೇಲಿನಿಂದ ಇನ್ನಷ್ಟು ತುಂಬಿದರೆ ಗುಡ್ಡೆ ದೊಡ್ಡದಾಗಬಹುದು. ಹಂಟಿಂಗ್ಟನ್‌ನಲ್ಲಿ ಚೀಲ ಹುಟ್ಟುತ್ತದೆ, ಸಾಗುತ್ತದೆ, ಆದರೆ ಸರಕನ್ನು ಗುರುತಿಸಿ ಒಳಗೆ ತೆಗೆದುಕೊಳ್ಳುವಲ್ಲಿ ಎಡವಟ್ಟು, ಹೀಗಾಗಿ ಅರ್ಧ ಖಾಲಿ ಚೀಲಗಳು. ಆನುವಂಶಿಕ ಪಾರ್ಕಿನ್‌ಸನ್‌ನಲ್ಲಿ ಪಿಂಕ್1 ಅಥವಾ ಪಾರ್ಕಿನ್ ಕೆಟ್ಟಿದ್ದರೆ ತೊಂದರೆ ಇನ್ನೂ ಮುಂಚೆ: ಹಾಳಾದ ಮೈಟೊಕಾಂಡ್ರಿಯಾದ ಮೇಲೆ ಯೂಬಿಕ್ವಿಟಿನ್ ಗುರುತೇ ಬೀಳುವುದಿಲ್ಲ. ಡ್ಯಾನನ್ ಕಾಯಿಲೆಯಲ್ಲಿ ಲ್ಯಾಂಪ್2 ಇಲ್ಲದೆ ಹೃದಯ ಸ್ನಾಯುವಿನಲ್ಲಿ ಚೀಲಗಳ ರಾಶಿ.

ಕಡೂರು_ಕ್ಲಿನಿಕ್
ಒಪ್ಪಿದೆ. ಪಾಂಪೆ ಕಾಯಿಲೆಯೂ ಅದೇ ಸಾಲಿಗೆ. ಆಸಿಡ್ ಆಲ್ಫಾ ಗ್ಲೂಕೊಸಿಡೇಸ್ ಇಲ್ಲದೆ ಲೈಸೊಸೋಮ್‌ನಲ್ಲಿ ಗ್ಲೈಕೊಜನ್ ಊದಿಕೊಳ್ಳುತ್ತೆ, ಜೊತೆಗೆ ಸ್ನಾಯುನಾರಿನ ನಡುವೆ ಆಟೊಫೇಜಿಯ ಕಸ ದಪ್ಪಗೆ ಸೇರಿರುತ್ತೆ. ಕಿಣ್ವ ಹೊರಗಿಂದ ಕೊಟ್ರೂ ಕೆಲವು ಸ್ನಾಯು ಸುಧಾರಿಸದೇ ಇರೋದಕ್ಕೆ ಅದೊಂದು ಕಾರಣ.

ಟಿಬಿಯಲ್ಲೂ ಆಟೊಫೇಜಿ ರಕ್ಷಣೆ ಅಂತ 2004ರಿಂದ ಓದ್ತಿದೀವಿ. ಹಸಿವು ಅಥವಾ ಎಂಟಾರ್ ತಡೆಯೋ ರ್‍ಯಾಪಮೈಸಿನ್ ಕೊಟ್ರೆ ಮ್ಯಾಕ್ರೊಫೇಜ್ ಒಳಗಿನ ಬ್ಯಾಕ್ಟೀರಿಯಾ ಕಡಿಮೆಯಾಗುತ್ತೆ.

ಮುಳ್ಳಯ್ಯನಗಿರಿ_ಲ್ಯಾಬ್
ಕೋಶದಲ್ಲಿ ಸರಿ. ಇಲಿಯಲ್ಲಿ 2015ಕ್ಕೆ ಲೆಕ್ಕ ತಲೆಕೆಳಗಾಯ್ತು ಡಾಕ್ಟ್ರೇ. ಎಟಿಜಿ5 ತೆಗೆದ ಇಲಿ ಟಿಬಿಯಿಂದ ಬೇಗ ಸತ್ತವು, ಆದ್ರೆ ಯುಎಲ್‌ಕೆ1, ಪಿ62ರಂಥ ಬೇರೆ ಜೀನ್ ತೆಗೆದವು ಹಾಗೆ ಸಾಯಲಿಲ್ಲ. ಎಟಿಜಿ5ಗೆ ನ್ಯೂಟ್ರೊಫಿಲ್‌ಗಳಲ್ಲಿ ಆಟೊಫೇಜಿಗೆ ಹೊರತಾದ ಕೆಲಸ ಇದೆ ಅಂತ ಆಯ್ತು. ಒಂದೇ ಜೀನ್ ತೆಗೆದು "ಆಟೊಫೇಜಿ ಕಾರಣ" ಅನ್ನೋದು ತಪ್ಪು, ಬೇರೆ ಬೇರೆ ಹಂತದ ಎರಡು ಜೀನ್ ಆದ್ರೂ ತೆಗೆದು ನೋಡ್ಬೇಕು.

ಯಗಚಿ_ಬಯೋ
ಮೈಕ್ರೊಸ್ಕೋಪ್‌ನಲ್ಲೂ ತೋರಿಸ್ಬೇಕು ಅಂತಿದಾರೆ. ಎಂಚೆರ್ರಿ-ಜಿಎಫ್‌ಪಿ-ಎಲ್‌ಸಿ3 ಪ್ಲಾಸ್ಮಿಡ್ (ಎಲ್‌ಸಿ3ಗೆ ಕೆಂಪು ಎಂಚೆರ್ರಿ, ಹಸುರು ಜಿಎಫ್‌ಪಿ ಎರಡೂ ಅಂಟಿಸಿ ಹೊಳೆಸೋ ಡಿಎನ್‌ಎ) ಸಿಗಬಹುದು. ಹುಷಾರಾಗಿರಬೇಕಾದ್ದು ಏನು?

ಮುಳ್ಳಯ್ಯನಗಿರಿ_ಲ್ಯಾಬ್
ಲೈಸೊಸೋಮ್ ಒಳಗೆ ಪಿಎಚ್ 4.5ರಿಂದ 5. ಅಲ್ಲಿ ಜಿಎಫ್‌ಪಿ ಆರಿಹೋಗುತ್ತೆ, ಎಂಚೆರ್ರಿ ಉಳಿಯುತ್ತೆ. ಹಳದಿ ಚುಕ್ಕೆ ಅಂದ್ರೆ ಇನ್ನೂ ಬೆರೆತಿಲ್ಲ ಅಥವಾ ಆಮ್ಲ ಆಗಿಲ್ಲ, ಬರೀ ಕೆಂಪು ಅಂದ್ರೆ ಲೈಸೊಸೋಮ್ ತಲುಪಿದೆ. ಆದಷ್ಟು ಜೀವಂತ ಕೋಶದಲ್ಲೇ ನೋಡಿ. ಪಿಎಫ್‌ಎ ರಾಸಾಯನಿಕದಲ್ಲಿ ಕೋಶವನ್ನ ಫಿಕ್ಸ್ ಮಾಡಿದ್ರೆ ಚೀಲದೊಳಗಿನ ಆಮ್ಲ ಹೋಗಿ ಆರಿದ ಜಿಎಫ್‌ಪಿ ಮತ್ತೆ ಹೊಳೆಯಬಹುದು, ಕೆಂಪು ಇರಬೇಕಾದ್ದು ಹಳದಿ ಕಾಣುತ್ತೆ. ಪ್ಲಾಸ್ಮಿಡ್ ಅತಿಯಾಗಿ ಹಾಕಿದ್ರೆ ಎಲ್‌ಸಿ3 ತಾನೇ ಗಂಟು ಕಟ್ಟಿ ಚುಕ್ಕೆ ತೋರಿಸುತ್ತೆ. 120ನೇ ಗ್ಲೈಸಿನ್ ಬದಲಾಯಿಸಿದ ರೂಪ ಕಂಟ್ರೋಲ್ ಇಟ್ಕೊಳ್ಳಿ, ಅದಕ್ಕೆ ಲಿಪಿಡ್ ಅಂಟಲ್ಲ, ಅದರಲ್ಲೂ ಚುಕ್ಕೆ ಬಂದ್ರೆ ಅದು ಗಂಟು. ನಿಮ್ಮ ಸಾರಕ್ಕೆ ತನ್ನದೇ ಹೊಳಪಿದೆಯಾ ಅಂತ ಪ್ಲಾಸ್ಮಿಡ್ ಹಾಕದ ಕೋಶದಲ್ಲಿ ಮೊದಲು ನೋಡಿ.

ಕೋಶಪ್ರಿಯ
ಮೈಟೊಫೇಜಿ (ಹಾಳಾದ ಮೈಟೊಕಾಂಡ್ರಿಯಾ ಕರಗಿಸೋದು) ಕೂಡ ನೋಡೋಣ ಅಂತ ಹೀಲಾದಲ್ಲೇ ಶುರು ಮಾಡ್ಬೇಡಿ. ಹೀಲಾದಲ್ಲಿ ಪಾರ್ಕಿನ್ ಇಲ್ಲ ಅನ್ನೋಷ್ಟು ಕಡಿಮೆ.

ಆಲೂರು_ಆಲೂಗಡ್ಡೆ
ಗಿಡಗಳಲ್ಲೂ ಇದು ಇದೆಯಾ? ಅಂಗಮಾರಿ ರೋಗಕ್ಕೂ ಆಟೊಫೇಜಿಗೂ ಸಂಬಂಧ ಇದೆ ಅಂತ ಎಲ್ಲೋ ಓದಿದ ನೆನಪು.

ಶೆಟ್ಟಿಹಳ್ಳಿ_ಹಿನ್ನೀರು
ಇದೆ, ಬಹಳ ಚೆನ್ನಾಗಿ ಬಿಡಿಸಿದ ಸಂಬಂಧ ಅದು. ಅಂಗಮಾರಿ ತರುವ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಗಿಡದ ಕೋಶದೊಳಗೆ ಪೆಕ್ಸ್‌ಆರ್‌ಡಿ54 ಎಂಬ ಪ್ರೋಟೀನ್ ಬಿಡುತ್ತದೆ. ಅದು ಆಲೂಗಡ್ಡೆಯ ಎಟಿಜಿ8ಸಿಎಲ್‌ಗೆ (ನಮ್ಮ ಎಲ್‌ಸಿ3ಯ ಸಂಬಂಧಿ) ಅಂಟಿಕೊಂಡು, ಗಿಡದ ರಕ್ಷಣೆಗೆ ನೆರವಾಗುವ ಜೋಕಾ2 ಎಂಬ ಸರಕು ಹಿಡಿಯುವ ಪ್ರೋಟೀನನ್ನು ಜಾಗದಿಂದ ಎಬ್ಬಿಸುತ್ತದೆ. 2016ರಲ್ಲಿ ಪ್ರಕಟವಾಯಿತು. ಇಲ್ಲಿ ರೋಗಾಣು ಆಟೊಫೇಗೊಸೋಮ್ ಹುಟ್ಟುವುದನ್ನು ಹೆಚ್ಚಿಸುತ್ತದೆ, ಆದರೆ ಗಿಡಕ್ಕೆ ಬೇಕಾದ ಸರಕು ತೆಗೆಯುವ ದಾರಿಯನ್ನು ಕಸಿದುಕೊಳ್ಳುತ್ತದೆ.

ಕಾಮೇನಹಳ್ಳಿ_72
ಭತ್ತದ ಬೆಂಕಿ ರೋಗದ ಶಿಲೀಂಧ್ರಕ್ಕೂ ಸ್ವಂತ ಆಟೊಫೇಜಿ ಬೇಕು. ಎಟಿಜಿ8 ತೆಗೆದ ಮ್ಯಾಗ್ನಾಪೋರ್ತೆ ಎಲೆಯೊಳಗೆ ಇಳಿಯೋಕೇ ಆಗಲ್ಲ.

ಆಲೂರು_ಆಲೂಗಡ್ಡೆ
ಹಾಗಾದ್ರೆ ಆಟೊಫೇಜಿ ಮೇಲೆ ಕೆಲಸ ಮಾಡೋ ಅಂಗಮಾರಿ ಔಷಧಿ ಅಂಗಡಿಗೆ ಬಂದಿದೆಯಾ? ಇಲ್ಲಾ ಮ್ಯಾಂಕೋಜೆಬ್ಬೇ ಗತಿಯಾ?

ಶೆಟ್ಟಿಹಳ್ಳಿ_ಹಿನ್ನೀರು
ಅಂಗಡಿಯಲ್ಲಿ ಕೇಳುವಂಥದ್ದು ಯಾವುದೂ ಇಲ್ಲ. ಮೋಡ ಕವಿದು ತುಂತುರು ಹಿಡಿಯುವ ಮುಂಚೆಯೇ ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್, ಎಲೆಯ ಅಡಿಭಾಗಕ್ಕೂ ತಾಗುವಂತೆ. ಅದು ಎಲೆಯ ಮೇಲೆ ಕೂತು ತಡೆಯುತ್ತದೆ ಅಷ್ಟೆ, ಒಳಹೊಕ್ಕ ರೋಗಕ್ಕೆ ನಾಟುವುದಿಲ್ಲ. ಚುಕ್ಕೆ ಕಂಡ ಮೇಲಾದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆತದ್ದು ಲೀಟರಿಗೆ 2 ಗ್ರಾಂ. ಅದನ್ನೇ ಮತ್ತೆ ಮತ್ತೆ ಹೊಡೆಯಬೇಡಿ, ಮೆಟಲಾಕ್ಸಿಲ್‌ಗೆ ಈ ರೋಗಾಣು ಬೇಗ ಒಗ್ಗಿಕೊಳ್ಳುತ್ತದೆ.

ಆಲೂರು_ಆಲೂಗಡ್ಡೆ
ಸರಿ ಸರ್. ಪೆಕ್ಸ್‌ಆರ್‌ಡಿ54 ಬಗ್ಗೆ ಬೇರೆ ಥ್ರೆಡ್ ತೆಗೀತೀನಿ, ಅಲ್ಲಿಗೆ ಬನ್ನಿ.